ಹೊರಗಿನಾಕಿಯ ಸಹಿ

ಹಾಲಗುಂಡಿ,
4 ಮೇ

ಪ್ರೀತಿಯ ಅಪ್ಪಾಜಿ,

ಮದುವೆಯಾಗಿ ಇಂದಿಗೆ ಹನ್ನೊಂದು ದಿನ. ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಉಳಿದರ್ಧವನ್ನು ನೀವೇ ಊಹಿಸಿಕೊಳ್ಳುತ್ತೀರಿ. ಆದ್ದರಿಂದ ನೀವು ಹೇಳಿದಂತೆ ಪತ್ರ. ಇಂಗ್ಲಿಷ್ ಮೀಡಿಯಂ ಮಗಳ ಕನ್ನಡವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಮಾತ್ರ ಕಳಿಸಬೇಡಿ. ಇಲ್ಲಿ ನನಗೊಂದು ಮರ್ಯಾದೆ ಇದೆ.

ನಾನು ತುಂಬ, ತುಂಬ ಸುಖವಾಗಿದ್ದೇನೆ ಅಪ್ಪಾಜಿ. ಬೆಳಿಗ್ಗೆ ಎದ್ದ ಕೂಡಲೇ ನಗು ಬರುತ್ತದೆ, ಕಾರಣವೇ ಇಲ್ಲದೆ. ಇವರ ಹೆಸರು ಹೇಳಲು ಇನ್ನೂ ನಾಚಿಕೆ, ಬರೆಯಲು ಇಲ್ಲ: ರುದ್ರೇಶ, ರುದ್ರೇಶ, ರುದ್ರೇಶ. ಊಟವಾದ ಮೇಲೆ ಎಲೆ-ಅಡಿಕೆ ಹಾಕಿಕೊಂಡು ಕೆಂಪು ತುಟಿಯಲ್ಲಿ ನಗುತ್ತಾರೆ. ಅದನ್ನು ಬಿಡಿ ಎಂದೆ. ಬೇರೆ ಏನು ಬೇಕಾದರೂ ಕೇಳು, ಇದೊಂದು ಬೇಡ ಎಂದರು. ಅಷ್ಟಕ್ಕೇ ನನಗೆ ಸಂಭ್ರಮ. ಯಾರಿಗಾದರೂ ಹೇಳಿದರೆ ನಗುತ್ತಾರೆ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಹಿತ್ತಲ ಬಾಗಿಲು ತೆಗೆದರೆ ಉಪಕಾಲುವೆ. ಈಗ ಅದರಲ್ಲಿ ಹನಿ ನೀರಿಲ್ಲ, ಜುಲೈನಲ್ಲಿ ಬಿಡುತ್ತಾರಂತೆ. ಆದರೂ ನನ್ನನ್ನು ನೋಡಲು ಬಂದ ಹೆಂಗಸರಲ್ಲಿ ಮೂವರು ಒಂದೇ ಪ್ರಶ್ನೆ ಕೇಳಿದರು: "ಈಜು ಬರ್ತೈತೇನವ್ವ?" ಯಲಬುರ್ಗಾದಲ್ಲಿ ಕೊಡ ತುಂಬಿದರೇ ಹಬ್ಬ, ಈಜುವುದೆಲ್ಲಿ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಭತ್ತದ ಸೀಮೆಯವರ ತಮಾಷೆ ನನಗಿನ್ನೂ ತಿಳಿಯದು.

ಮಾವನವರು ಮೊನ್ನೆ ನನ್ನನ್ನು ಕಚೇರಿಗೆ ಕರೆದೊಯ್ದು ಎರಡು ಎಕರೆ ಗದ್ದೆ ನನ್ನ ಹೆಸರಿಗೆ ಬರೆದುಕೊಟ್ಟರು. ಮದುವೆಯಾದ ವಾರಕ್ಕೆ ಸೊಸೆಗೆ ಗದ್ದೆ ಕೊಡುವ ಮಾವನನ್ನು ನೀವು ಕಂಡಿದ್ದೀರಾ? ನಾನು ಅಲ್ಲೇ ಅತ್ತುಬಿಟ್ಟೆ. ಮನೆಯಲ್ಲಿ ಮೌನವಾಗಿರುವವರು ಇವರ ಅಣ್ಣ ಮಲ್ಲೇಶ ಭಾವ ಒಬ್ಬರೇ. ಅವರ ಹೆಂಡತಿ ಸುಮಂಗಲಾ ಅಕ್ಕ ಮೈಯಲ್ಲಿ ಹುಷಾರಿಲ್ಲದೆ ಕುಷ್ಟಗಿಯ ತವರಿನಲ್ಲಿದ್ದಾರಂತೆ. ಎಷ್ಟು ದಿನವಾಯಿತು ಎಂದು ಅತ್ತೆಯನ್ನು ಕೇಳಿದೆ. ಸಾರಿಗೆ ಉಪ್ಪು ಹಾಕಿದೆಯಾ ಎಂದು ಅವರು ನನ್ನನ್ನು ಕೇಳಿದರು.

ದೊಡ್ಡ ಸುದ್ದಿ ಕೊನೆಗೆ. ಈ ಕಾಲುವೆಯ ರೈತರದೊಂದು ನೀರು ಬಳಕೆದಾರರ ಸಂಘವಿದೆ. ಯಾವ ಗದ್ದೆಗೆ ಯಾವ ದಿನ ನೀರು ಎಂಬ ಪಾಳಿ ಪಟ್ಟಿಗೆ ಅಧ್ಯಕ್ಷರು ಸಹಿ ಹಾಕಬೇಕು. ಮೇಲಿನ ಊರಾದ ನಮ್ಮವರು ಒಬ್ಬರನ್ನು ನಿಲ್ಲಿಸಿದರೆ ಕೆಳಗಿನೂರಿನವರು ಒಪ್ಪುವುದಿಲ್ಲ, ಅವರು ನಿಲ್ಲಿಸಿದರೆ ನಾವು ಒಪ್ಪುವುದಿಲ್ಲ. ಅದಕ್ಕೆ ಎರಡೂ ಕಡೆಗೆ ಸೇರದ ನನ್ನನ್ನೇ ಅಧ್ಯಕ್ಷೆ ಮಾಡಬೇಕೆಂದು ಮಾವನವರ ಯೋಚನೆ. ಜೂನ್ ಹನ್ನೊಂದಕ್ಕೆ ಚುನಾವಣೆ. ನಿಮ್ಮ ನೋಟ್‌ಬುಕ್ಕಿನ ಪರದೇಶದ ರಾಜರ ಹಾಗೆ! ಯಾರೂ ಓದದ ಆ ನಾನೂರು ಪುಟ ಕೊನೆಗೂ ಒಬ್ಬರ ಉಪಯೋಗಕ್ಕೆ ಬರಲಿದೆ. ಒಪ್ಪಿಕೊಳ್ಳಲಾ?

ನಿಮ್ಮ ಹುಚ್ಚು ಮಗಳು,
ದಾನು

*

ಯಲಬುರ್ಗಾ,
10 ಮೇ

ಚಿ. ದಾನುಗೆ,

ಯಲಬುರ್ಗಾದ ಒಣ ಗಾಳಿಯೊಡನೆ ಅಪ್ಪನ ಆಶೀರ್ವಾದ. ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ತಪ್ಪುಗಳು ಏಳು. ಹೇಳುವುದಿಲ್ಲ.

ಒಪ್ಪಿಕೋ. ಇಪ್ಪತ್ತು ವರ್ಷದಿಂದ ನಾನು ಟಿಪ್ಪಣಿ ಮಾಡುತ್ತಿರುವುದು ಇದನ್ನೇ. ಮಧ್ಯಯುಗದ ಯುರೋಪಿನಲ್ಲಿ ರಾಜರನ್ನು ಆರಿಸುವಾಗ 'ಇವನು ಪರದೇಶದವನು' ಎಂಬುದು ಬೇಡವೆನ್ನುವವರ ಬಾಯಲ್ಲೂ ಇರುತ್ತಿತ್ತು, ಬೇಕೆನ್ನುವವರ ಮನಸ್ಸಿನಲ್ಲೂ ಇರುತ್ತಿತ್ತು. ಪಕ್ಕದ ಮನೆಯವನು ಸಿಂಹಾಸನ ಹತ್ತುವುದನ್ನು ಯಾರೂ ಸಹಿಸರು. ಆದರೆ ದೂರದಿಂದ ಬಂದವನಿಗೆ ಇಲ್ಲಿ ಕೋಟೆಯಿಲ್ಲ, ಹಳೆಯ ಹಗೆಯಿಲ್ಲ.

1257ರಲ್ಲಿ ಜರ್ಮನಿಯ ಪ್ರಭುಗಳು ತಮ್ಮಲ್ಲೇ ಒಬ್ಬನನ್ನು ಬಿಟ್ಟು ಒಂದು ಗುಂಪು ಇಂಗ್ಲೆಂಡಿನ ರಾಜನ ತಮ್ಮನನ್ನು ಆರಿಸಿತು, ಇನ್ನೊಂದು ಗುಂಪು ಸ್ಪೇನಿನ ಕಡೆಯ ಕ್ಯಾಸ್ಟೀಲಿನ ಅರಸನನ್ನು ಆರಿಸಿತು. ಕ್ಯಾಸ್ಟೀಲಿನವನಂತೂ ಹದಿನೆಂಟು ವರ್ಷ ತಾನೇ ಜರ್ಮನಿಯ ರಾಜನೆಂದು ಹೇಳಿಕೊಂಡ, ಒಂದು ದಿನವೂ ಅಲ್ಲಿಗೆ ಕಾಲಿಡಲಿಲ್ಲ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಿದ್ದರು, ನೆನಪಿದೆಯಾ? ನೀನು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಜೊತೆಗೇ ಆ ಸಾಲು ಹೇಳುತ್ತಿದ್ದೆ.

ನಿನ್ನ ಮಾವ ದೊಡ್ಡಬಸಪ್ಪನವರು ಬುದ್ಧಿವಂತರು. ಹೆಣ್ಣು ನೋಡಲು ಬಂದಾಗ ನನ್ನನ್ನು ಎರಡು ಸಲ ಕೇಳಿದ್ದರು, ಹುಡುಗಿಗೆ ಅಣ್ಣತಮ್ಮಂದಿರು ಇದ್ದಾರೆಯೇ, ಗಂಗಾವತಿ ಕಡೆ ಬಳಗವಿದೆಯೇ ಎಂದು. ಇಲ್ಲವೆಂದಾಗ ಸಮಾಧಾನಪಟ್ಟರು. ತಾಯಿಯಿಲ್ಲದ ಹುಡುಗಿ, ನಾವೇ ಎಲ್ಲಾ ಎಂದು ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಹಾಗೇ ಆಗಿದೆ.

ಹೆದರಬೇಡ. ಓದಿ ಸಹಿ ಹಾಕು.

ನಿನ್ನ ಅಪ್ಪ,
ಕೊಟ್ರಪ್ಪ

*

ಹಾಲಗುಂಡಿ,
21 ಮೇ

ಪ್ರೀತಿಯ ಅಪ್ಪಾಜಿ,

ನಿಮ್ಮ ಪತ್ರ ಓದಿ ಕುಣಿದೆ. ಒಪ್ಪಿಕೊಂಡೆ. ನಿನ್ನೆ ಗುಡಿಯ ಕಟ್ಟೆಯಲ್ಲಿ ಎರಡೂ ಊರಿನವರ ಸಭೆ. ನಾನು ಮದುವೆಯ ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಇವರು ನೋಡಿ, ಅಧ್ಯಕ್ಷರು ಬರ್ರಿ ಎಂದು ಬಾಗಿ ಕೈ ಮುಗಿದರು. ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ.

ಅಲ್ಲಿ ನಗು ನಿಂತಿತು. ಕೆಳಗಿನೂರಿನ ಹಿರಿಯ ಹೊನ್ನೂರಪ್ಪ ಎದ್ದು ನಿಂತು ನನ್ನ ಮುಖ ನೋಡದೆ ಮಾತಾಡಿದರು. "ಯಲಬುರ್ಗಾದ ಒಣ ಎರಿ ಭೂಮ್ಯಾಗ ಹುಟ್ಟಿದಾಕಿಗೆ ಭತ್ತದ ನೀರು ಏನ್ ಗೊತ್ತೈತ್ರಿ? ನಿನ್ನೆ ಬಂದಾಕಿ. ಹೊರಗಿನಾಕಿ ಕೈಯಾಗ ನಮ್ಮ ಕಾಲುವಿ ಕೊಡಬೇಕೇನು?"

ನಮ್ಮ ಮಾವ ಕೂತಲ್ಲಿಂದ ಏಳಲೇ ಇಲ್ಲ. "ಹೊರಗಿನಾಕಿ ಅಂತನ ಅಕಿನ್ನ ತಂದೇವಿ, ಹೊನ್ನೂರಪ್ಪ. ಅಕಿಗೆ ಇಲ್ಲಿ ಅಣ್ಣ ಇಲ್ಲ, ತಮ್ಮ ಇಲ್ಲ, ಮಾತಾಡಾಕ ಬರೋ ಬಳಗ ಇಲ್ಲ. ಯಾರ ಕಡಿ ವಾಲತಾಳ?"

'ತಂದೇವಿ' ಎಂದರು, ಅಪ್ಪಾಜಿ. ಸೊಸೆಯನ್ನು ಮನೆಗೆ ತಂದೆವು ಎನ್ನುತ್ತಾರೆ, ನಿಜ. ಆದರೆ ನನಗೆ ಆ ಎರಡು ಎಕರೆ ನೆನಪಾಯಿತು. ಸಂಘದ ಸದಸ್ಯರಾಗಲು ಸ್ವಂತ ಹೆಸರಿನಲ್ಲಿ ಗದ್ದೆ ಇರಬೇಕಂತೆ. ಅದನ್ನು ನಾನು ನಿನ್ನೆಯೇ ತಿಳಿದದ್ದು.

ಆಗ ಕಟ್ಟೆಯ ಕೆಳಗಿನಿಂದ ಜಿಲಾನಿ ಬಾಯಿ ಹಾಕಿದ. ಕಾಲುವೆಯ ತೂಬು ತೆರೆದು ಮುಚ್ಚುವ ಗ್ಯಾಂಗ್‌ಮನ್ ಅವನು, ಎರಡೂ ಊರಿಗೆ ಬೇಕಾದವನು. "ಇಲ್ಲಿ ಕುಂತ ಸೊಸೆಂದ್ರೆಲ್ಲಾ ಹೊರಗಿನವರ ಅದಾರಲ್ರಿ ಯಜಮಾನ್ರ. ಇದ ಊರಾಗ ಹುಟ್ಟಿ ಇದ ಊರಾಗ ಉಳಿದಾಕಿ ಬೇಕಂದ್ರ, ನಿಮ್ಮ ಮನಿ ಎಮ್ಮಿನ್ನ ನಿಂದರಸ್ರಿ."

ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗಂಡಸರಲ್ಲಿ ಯಾವ ಕಡೆಯವರೂ ನಗಲಿಲ್ಲ. ಆಮೇಲೆ, ವಿಚಿತ್ರವೆಂದರೆ, ಹೊನ್ನೂರಪ್ಪನವರೂ ಆಗಲಿ ಎಂದರು. ಅಷ್ಟು ಜೋರಾಗಿ ಬೇಡವೆಂದವರು ಅಷ್ಟು ಬೇಗ ಹೇಗೆ ಒಪ್ಪಿದರು? ಹೋಗುವಾಗ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಪಾಪ ಎಂಬಂತೆ. ಅದರಿಂದ ನನಗೆ ಹೆಚ್ಚು ಭಯವಾಯಿತು.

ಇನ್ನೊಂದು ಮಾತು. ನಿಮ್ಮ ಪತ್ರದ ಲಕೋಟೆಯ ಅಂಟು ಹಸಿಯಾಗಿತ್ತು. ಇಲ್ಲಿ ಈಗ ಮಳೆಯಿಲ್ಲ.

ನಿಮ್ಮ,
ದಾನು

*

ಹಾಲಗುಂಡಿ,
1 ಜೂನ್

ಅಪ್ಪಾಜಿ,

ಉತ್ತರ ಬರಲಿಲ್ಲ. ಬಂದು ನನ್ನ ಕೈ ಸೇರಲಿಲ್ಲವೋ ಗೊತ್ತಿಲ್ಲ. ಇದನ್ನು ಜಿಲಾನಿಯ ಹೆಂಡತಿಯ ಕೈಯಲ್ಲಿ ನವಲಿಯ ಅಂಚೆಗೆ ಕಳಿಸುತ್ತಿದ್ದೇನೆ. ನೀವೂ ಅವಳ ವಿಳಾಸಕ್ಕೇ ಬರೆಯಿರಿ, ಹಾಳೆಯ ಹಿಂಬದಿಗೆ ಬರೆದಿದ್ದೇನೆ.

ಜಿಲಾನಿ ಗಂಗಾವತಿಯ ಆಸ್ಪತ್ರೆಯಲ್ಲಿದ್ದಾನೆ. ಬಲಗೈ ಎರಡು ಕಡೆ ಮುರಿದಿದೆ. ಬೈಕಿನಿಂದ ಬಿದ್ದೆ ಎನ್ನುತ್ತಾನೆ. ಬೈಕಿಗೆ ಒಂದು ಗೀರೂ ಆಗಿಲ್ಲ ಎಂದು ಅವನ ಹೆಂಡತಿ ಹೇಳಿದಳು. ಯಾವ ಊರಿನವರು ಹೊಡೆದರು ಎಂದು ಕೇಳಿದೆ. ಎರಡೂ ಕಡೆಯವರು ಇದ್ದರಂತೆ. ಇಷ್ಟು ವರ್ಷದಲ್ಲಿ ಎರಡೂ ಊರಿನವರು ಕೂಡಿ ಮಾಡಿದ ಕೆಲಸ ಅದೊಂದೇ ಇರಬೇಕು.

ಅವಳು ಇನ್ನೊಂದು ಮಾತು ಹೇಳಿದಳು. ಸುಮಂಗಲಾ ಅಕ್ಕನೂ ಅಧ್ಯಕ್ಷೆಯಾಗಿದ್ದರಂತೆ, ಆರು ವರ್ಷದ ಹಿಂದೆ. ಆಮೇಲೆ ಏನಾಯಿತು ಎಂದರೆ, ಅದನ್ನು ನನ್ನ ಬಾಯಲ್ಲಿ ಕೇಳಬೇಡ್ರಿ ಎಂದು ಎದ್ದು ಹೋದಳು.

ಹಿತ್ತಲ ಬಾಗಿಲನ್ನು ನಾನು ಈಗ ತೆಗೆಯುವುದಿಲ್ಲ. ಯಲಬುರ್ಗಾದಿಂದ ಕುಷ್ಟಗಿಗೆ ಬಸ್ಸಿದೆ. ನನ್ನದೊಂದು ಕೆಲಸ ಮಾಡಿ.

ದಾನು

*

ಯಲಬುರ್ಗಾ,
8 ಜೂನ್

ಮಗಳೇ,

ಕುಷ್ಟಗಿಗೆ ಹೋಗಿ ಬಂದೆ. ಸುಮಂಗಲಾಳನ್ನು ಕಂಡೆ. ಅವಳಿಗೆ ಯಾವ ಕಾಯಿಲೆಯೂ ಇಲ್ಲ. ಮಿಷನ್ ಇಟ್ಟುಕೊಂಡು ಹೊಲಿಯುತ್ತಾಳೆ. ಮೊದಲು ಬಾಗಿಲಿನಲ್ಲೇ ನಿಲ್ಲಿಸಿದಳು. ನಿನ್ನ ಹೆಸರು ಹೇಳಿದಾಗ ಒಳಗೆ ಕರೆದಳು. ಅವಳು ಬರೆದುಕೊಟ್ಟದ್ದನ್ನು ಇದರ ಜೊತೆ ಇಟ್ಟಿದ್ದೇನೆ.

ನಾನು ನಿನಗೆ ಅರ್ಧ ಪಾಠ ಮಾಡಿದೆ, ದಾನು. ಉಳಿದರ್ಧ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ನಿನ್ನ ಸಂಭ್ರಮ ನೋಡಿ ಆ ಪುಟ ತೆಗೆಯಲಿಲ್ಲ. ಯಾರೋ ಒಬ್ಬರು ಕೊನೆಗೆ ನನ್ನ ವಿಷಯ ಕೇಳಿದರಲ್ಲ ಎಂಬ ಆಸೆಯೂ ಇತ್ತು.

1307ರಲ್ಲಿ ಪ್ರಾಗ್ ನಗರದಲ್ಲಿ ಬೊಹೀಮಿಯಾದ ರಾಜನನ್ನು ಆರಿಸಲು ಸಭೆ ಸೇರಿತು. ಹಳೆಯ ರಾಜವಂಶದಲ್ಲಿ ಗಂಡು ಸಂತಾನ ಮುಗಿದಿತ್ತು. ತೋಬಿಯಾಸ್ ಎಂಬ ಸರದಾರ ಪರದೇಶದ ರಾಜಕುಮಾರನೊಬ್ಬನ ಪರ ಮಾತಾಡಿದ. ಪರದೇಶದವನು ಬೇಡ, ನಮ್ಮ ರಕ್ತವೇ ಬೇಕು ಎಂದು ಕೆಲವರು ಕೂಗಿದರು. ಆ ವಂಶದ ಮೂಲಪುರುಷ ಒಬ್ಬ ಹಳ್ಳಿಯ ನೇಗಿಲಯೋಗಿ ಎಂಬ ಕಥೆಯಿತ್ತು. ತೋಬಿಯಾಸ್ ನಗುತ್ತ, ಹಾಗಾದರೆ ಆ ಹಳ್ಳಿಗೆ ಹೋಗಿ, ಅಲ್ಲಿನ ರೈತರಲ್ಲಿ ಯಾರಾದರೂ ನಿಮ್ಮ ರಾಜನ ನೆಂಟ ಸಿಕ್ಕಾನು, ಅವನನ್ನೇ ತಂದು ಕೂರಿಸಿ ಎಂದ. ಆ ಸಭೆಯಲ್ಲೇ ಅವನನ್ನು ಇರಿದು ಕೊಂದರು. ಅಂದಿನ ಚರಿತ್ರೆಕಾರ ಹಾಗೆ ಬರೆದಿದ್ದಾನೆ.

ಜಿಲಾನಿಯ ಎಮ್ಮೆಯ ಮಾತು ಓದಿದಾಗಲೇ ಈ ತೋಬಿಯಾಸ್ ನೆನಪಾದ. ಅಂದೇ ನಿನಗೆ ಬರೆದೆ. ಆ ಪತ್ರ ನಿನಗೆ ಸಿಕ್ಕಿಲ್ಲ ಎಂದು ಈಗ ತಿಳಿಯಿತು.

ಪರದೇಶದವರನ್ನು ಆರಿಸುವುದು ಅವರು ನಿಷ್ಪಕ್ಷಪಾತಿಗಳೆಂದು ಮಾತ್ರ ಅಲ್ಲ, ಅವರಿಗೇನಾದರೂ ಆದರೆ ಕೇಳುವವರಿಲ್ಲ ಎಂದೂ ಹೌದು. ಅಣ್ಣತಮ್ಮಂದಿರು ಇದ್ದಾರೆಯೇ ಎಂದು ದೊಡ್ಡಬಸಪ್ಪ ಕೇಳಿದ್ದು ಇದಕ್ಕೆ. ಇಲ್ಲವೆಂದು ನಾನು ನಗುತ್ತಾ ಹೇಳಿದೆ. ಚುನಾವಣೆಗೆ ನಿಲ್ಲಬೇಡ. ಹೇಗಾದರೂ ಮಾಡಿ ಬಂದುಬಿಡು.

ಅಪ್ಪ

*

ಕುಷ್ಟಗಿ,
6 ಜೂನ್

ತಂಗಿ ದಾನೇಶ್ವರಿಗೆ,

ನಾನು ನಿನ್ನನ್ನು ನೋಡಿಲ್ಲ. ನಿಮ್ಮ ತಂದೆಯವರು ಕೂತು ಅತ್ತದ್ದಕ್ಕೆ ಬರೆಯುತ್ತಿದ್ದೇನೆ.

ನನಗೂ ಎರಡು ಎಕರೆ ಕೊಟ್ಟಿದ್ದರು. ಅದೇ ಎರಡು ಎಕರೆ ಇರಬೇಕು. ನನಗೂ ಅಣ್ಣತಮ್ಮಂದಿರಿಲ್ಲ. ಪಟ್ಟಿ ತಂದರು, ಓದದೆ ಸಹಿ ಹಾಕಿದೆ. ಕೆಳಗಿನೂರಿಗೆ ಕೊನೆಯ ನಾಲ್ಕು ದಿನ ಇಟ್ಟಿದ್ದರು. ಆ ನಾಲ್ಕು ದಿನ ಬಂದಾಗ ನಮ್ಮ ಊರು ದಾಟಿ ಕೆಳಕ್ಕೆ ನೀರು ಹರಿಯಲಿಲ್ಲ, ಅವರ ಸಸಿ ಒಣಗಿತು.

ಅವರು ನಮ್ಮ ಮಾವನವರ ಹತ್ತಿರ ಹೋಗಲಿಲ್ಲ. ಸಹಿ ನನ್ನದಿತ್ತು. ಹಿತ್ತಲಿಗೆ ಬಂದು ನನ್ನನ್ನು ಕಾಲುವೆಗೆ ಇಳಿಸಿದರು. ನೀರು ಎಲ್ಲೈತಿ ಅಂತ ನೀನ ತೋರಿಸು ಎಂದು ಎದೆಮಟ್ಟದ ನೀರಿನಲ್ಲಿ ಮೂರು ತಾಸು ನಿಲ್ಲಿಸಿದರು. ಕಾಲು ಜಾರಿದಾಗೆಲ್ಲ ಮುಳುಗಿ ಏಳುತ್ತಿದ್ದೆ. ನಮ್ಮ ಮನೆಯವರು ದಂಡೆಯ ಮೇಲೆ ನಿಂತಿದ್ದರು. ಯಾರೂ ಇಳಿಯಲಿಲ್ಲ. ನನ್ನ ಹೊಟ್ಟೆಯಲ್ಲಿ ಆಗ ನಾಲ್ಕು ತಿಂಗಳಿತ್ತು. ಅದು ಉಳಿಯಲಿಲ್ಲ.

ಹೊರಗಿನಾಕಿ, ನಮ್ಮ ನೀರು ಅಕಿಗೆ ಆಗಿಬರಲಿಲ್ಲ ಎಂದರು. ಮುಂದಿನ ಆಷಾಢಕ್ಕೆ ಎಲ್ಲ ಸೊಸೆಯರಂತೆ ನನ್ನನ್ನೂ ತವರಿಗೆ ಕಳಿಸಿದರು. ಶ್ರಾವಣದಲ್ಲಿ ಕರೆಯಲು ಯಾರೂ ಬರಲಿಲ್ಲ. ಕರೆಯದೆ ಹೇಗೆ ಹೋಗುವುದು ಎಂದು ನಾನೂ ಕಾದೆ.

ಓದದೆ ಸಹಿ ಹಾಕಬೇಡ.

ಸುಮಂಗಲಾ

*

ಹಾಲಗುಂಡಿ,
16 ಜೂನ್

ಅಪ್ಪಾಜಿ,

ನಿಮ್ಮ ಪತ್ರ ನನ್ನ ಕೈಗೆ ಬಂದದ್ದು ಹದಿಮೂರಕ್ಕೆ. ಹನ್ನೊಂದಕ್ಕೇ ನಾನು ಅವಿರೋಧವಾಗಿ ಆಯ್ಕೆಯಾಗಿದ್ದೆ. ಹಾರ ಹಾಕಿದರು. ಹಾರದ ಹೂ ಇನ್ನೂ ಮೊಳೆಯಲ್ಲಿ ತೂಗುತ್ತಿದೆ.

ಇವರನ್ನು ಕೇಳಿದೆ, ಗದ್ದೆ ಯಾಕೆ ಕೊಟ್ಟರೆಂದು ನಿಮಗೆ ಮೊದಲೇ ಗೊತ್ತಿತ್ತೇ ಎಂದು. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು, "ಅಪ್ಪಗ ಎದುರ ಮಾತಾಡಿ ನನಗ ರೂಢಿ ಇಲ್ಲ, ದಾನು" ಎಂದರು. ಸುಮಂಗಲಾ ಅಕ್ಕನ ದಿನ ನೀವೂ ದಂಡೆಯ ಮೇಲೆ ಇದ್ದಿರಾ ಎಂದೆ. ಬಾಯಲ್ಲಿದ್ದ ಎಲೆಯನ್ನು ಅಂಗಳದಲ್ಲಿ ಉಗಿದು ಹೊರಗೆ ಹೋದರು. ಊಟಕ್ಕೂ ಬರಲಿಲ್ಲ. ಆ ದಿನದಿಂದ ನನಗೆ ಅವರ ಮೇಲೆ ಸಿಟ್ಟು ಮಾಡಲು ಆಗುತ್ತಿಲ್ಲ, ಅವರ ಪಕ್ಕದಲ್ಲಿ ನಿದ್ದೆ ಮಾಡಲೂ ಆಗುತ್ತಿಲ್ಲ. ಎರಡೂ ಒಟ್ಟಿಗೆ ಇರಬಹುದೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಪಟ್ಟಿ ಸಿದ್ಧವಾಗಿದೆ. ಓದಿದೆ. ಕೆಳಗಿನೂರಿಗೆ ಕೊನೆಯ ನಾಲ್ಕು ದಿನ. ಇಪ್ಪತ್ತೇಳಕ್ಕೆ ಸಂಘದ ಸಭೆಯಂತೆ, ಆಗ ಸಹಿ ಎಂದಿದ್ದಾರೆ ಮಾವನವರು. ಹಾಕದಿದ್ದರೆ ಈ ಮನೆ. ಹಾಕಿದರೆ ಆ ಕಾಲುವೆ. ನಡುವೆ ಹಿತ್ತಲ ಬಾಗಿಲು ಒಂದೇ ಇದೆ.

ಆದರೆ ಇಪ್ಪತ್ತಾರಕ್ಕೆ ಆಷಾಢ ಹುಟ್ಟುತ್ತದೆ. ಅತ್ತೆಗೆ ಶಾಸ್ತ್ರವೆಂದರೆ ಶಾಸ್ತ್ರ, ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಇಪ್ಪತ್ತೈದಕ್ಕೇ ನನ್ನನ್ನು ಕಳಿಸಬೇಕೆಂದು ಈಗಲೇ ಬುತ್ತಿಗೆ ಹಿಟ್ಟು ಹುರಿಯುತ್ತಿದ್ದಾರೆ. ಗಂಡಸರು ನೀರಿನ ಗದ್ದಲದಲ್ಲಿ ಪಂಚಾಂಗ ನೋಡಿಲ್ಲ.

ನಿಮ್ಮ ಕ್ಯಾಸ್ಟೀಲಿನ ಅರಸ ನೆನಪಾದ, ಅಪ್ಪಾಜಿ. ಕಾಲಿಡದ ರಾಜನನ್ನು ಯಾರೂ ಇರಿಯಲಾರರು. ಸಂಘದ ಠರಾವು ಪುಸ್ತಕ, ಸಹಿಯ ಕೆಳಗೆ ಒತ್ತುವ ಶಿಕ್ಕಾ ಎರಡೂ ನನ್ನ ಬಳಿ ಇವೆ. ಸೀರೆಗಳ ನಡುವೆ ಇಟ್ಟಿದ್ದೇನೆ.

ಒಂದೇ ಭಯ. ಸುಮಂಗಲಾ ಅಕ್ಕನೂ ಆಷಾಢಕ್ಕೇ ಹೋದದ್ದು.

ದಾನು

*

ಯಲಬುರ್ಗಾ,
1 ಜುಲೈ

ಪೂಜ್ಯ ಮಾವನವರಿಗೆ ಸೊಸೆಯ ನಮಸ್ಕಾರಗಳು.

ಕ್ಷೇಮವಾಗಿ ತಲುಪಿದೆ. ಅತ್ತೆಯವರ ಬುತ್ತಿ ಅಪ್ಪಾಜಿಗೆ ಬಹಳ ಹಿಡಿಸಿತು.

ಇಪ್ಪತ್ತೇಳಕ್ಕೆ ಸಹಿ ಆಗಲಿಲ್ಲವೆಂದು ನೀವು ಸಿಟ್ಟಾಗಿದ್ದೀರಿ ಎಂದು ತಿಳಿಯಿತು. ತಪ್ಪಾಗಿದ್ದರೆ ಕ್ಷಮಿಸಬೇಕು. ಪುಸ್ತಕ, ಶಿಕ್ಕಾ ನನ್ನ ಜೊತೆ ಬಂದುಬಿಟ್ಟಿವೆ. ನೀರು ಬಿಡುವ ಮೊದಲು ಪಟ್ಟಿಯನ್ನು ಇಲ್ಲಿಗೆ ತಂದರೆ ಸಹಿ ಹಾಕುತ್ತೇನೆ. ಒಂದೇ ವಿನಂತಿ. ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ನಿಮ್ಮ ಸಹಿಯೂ ಹೊನ್ನೂರಪ್ಪನವರ ಸಹಿಯೂ ಇರಬೇಕು, ನನ್ನ ಕಣ್ಣೆದುರಿಗೇ ಹಾಕಬೇಕು. ನಾನು ಹೊರಗಿನವಳು, ನನಗೆ ಭತ್ತದ ನೀರು ತಿಳಿಯದು. ತಿಳಿದವರು ಇಬ್ಬರೂ ಒಪ್ಪಿದರೆ ನಾನು ಬರಿ ಕೆಳಗೆ ಬರೆಯುವವಳು. ಹೊನ್ನೂರಪ್ಪನವರಿಗೂ ಇದೇ ಮಾತು ಬರೆದಿದ್ದೇನೆ.

ನನ್ನನ್ನು ತೆಗೆದು ಬೇರೆಯವರನ್ನು ಮಾಡಬಹುದು. ನಿಯಮದ ಪುಸ್ತಕ ಓದಿದೆ. ಅದಕ್ಕೆ ಎರಡೂ ಊರಿನವರು ಕೂಡಿ ಕೈ ಎತ್ತಬೇಕು.

ಅಕ್ಷರ ಕೆಟ್ಟಿದ್ದಕ್ಕೆ ಕ್ಷಮೆ ಇರಲಿ.

ನಿಮ್ಮ ಸೊಸೆ,
ದಾನೇಶ್ವರಿ

*

ಯಲಬುರ್ಗಾ,
4 ಆಗಸ್ಟ್

ಪ್ರೀತಿಯ ಸುಮಂಗಲಾ ಅಕ್ಕ,

ನೀವು ಕಳಿಸಿದ ರವಿಕೆ ನನಗೆ ಸರಿಯಾಗಿ ಆಯಿತು. ನೋಡದೆ ಹೇಗೆ ಅಳತೆ ಹಿಡಿದಿರಿ?

ನಡೆದದ್ದನ್ನು ನಿಮಗೆ ಹೇಳಬೇಕು. ಜುಲೈ ಎಂಟಕ್ಕೆ ಗಂಗಾವತಿಯ ಬಸ್ಸಿನಿಂದ ಮಾವನವರು ಮುಂದಿನ ಬಾಗಿಲಿನಿಂದ ಇಳಿದರು, ಹೊನ್ನೂರಪ್ಪನವರು ಹಿಂದಿನ ಬಾಗಿಲಿನಿಂದ. ಅಷ್ಟು ದೂರ ಒಂದೇ ಬಸ್ಸಿನಲ್ಲಿ ಬಂದು ಒಂದೂ ಮಾತಾಡಿರಲಿಲ್ಲವಂತೆ. ನಮ್ಮ ಕಟ್ಟೆಯ ಎರಡು ತುದಿಗೆ ಕೂತರು. ನಡುವೆ ಅಪ್ಪಾಜಿ ಚಹಾ ಹಿಡಿದು ನಿಂತರು. ನಾನು ಬಾಗಿಲ ಒಳಗೆ ನಿಂತಿದ್ದೆ, ಶಿಕ್ಕಾ ಸೆರಗಿನ ಗಂಟಿನಲ್ಲಿತ್ತು.

ಮೂರು ತಾಸು ಹಿಡಿಯಿತು. ನೀವು ನೀರಿನಲ್ಲಿ ನಿಂತಷ್ಟೇ ಹೊತ್ತು, ನಾನು ಗಡಿಯಾರ ನೋಡುತ್ತಿದ್ದೆ. ಕೊನೆಗೆ ಈ ಸಲ ಮೊದಲ ನಾಲ್ಕು ದಿನ ಕೆಳಗಿನೂರಿಗೆ ಎಂದಾಯಿತು. ಬರೆಯಲು ಕಾಗದ ಸಾಲದೆ ಅಪ್ಪಾಜಿ ತಮ್ಮ ನೋಟ್‌ಬುಕ್ಕಿನ ಹಾಳೆ ಹರಿದುಕೊಟ್ಟರು. ಇಬ್ಬರೂ ಸಹಿ ಹಾಕಿದರು. ಕೆಳಗೆ ನಾನು. ಮಾವನವರು ಶಿಕ್ಕಾ ಕೇಳಿದರು. ಆಷಾಢ ಮುಗಿದ ಮೇಲೆ ನಾನೇ ತರುತ್ತೇನೆ ಎಂದೆ. ಅವರು ಚಪ್ಪಲಿ ಮೆಟ್ಟುತ್ತಾ, ನನಗಲ್ಲ ಎಂಬಂತೆ, "ಕರಿಯಾಕ ಯಾರ ಬರ್ತಾರ ನೋಡೋಣು" ಎಂದರು.

ನೀರು ಬಿಟ್ಟರು. ಕೆಳಗಿನೂರಿನಲ್ಲಿ ನಾಟಿ ಮುಗಿದಿದೆ ಎಂದು ಜಿಲಾನಿ ಫೋನ್ ಮಾಡಿದ್ದ, ಎಡಗೈಯಲ್ಲೇ ತೂಬು ಎತ್ತುತ್ತಾನಂತೆ. ಕಾಲುವೆಗೆ ಯಾರನ್ನೂ ಇಳಿಸಿಲ್ಲ.

ಶ್ರಾವಣ ಹುಟ್ಟಿ ಹನ್ನೊಂದು ದಿನ. ಇವರು ಒಮ್ಮೆ ಫೋನ್ ಮಾಡಿದ್ದರು. ಹೇಗಿದ್ದೀ ಎಂದರು. ಚೆನ್ನಾಗಿದ್ದೇನೆ ಎಂದೆ. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ. ಮದುವೆಯಾದಾಗಲೂ ಹನ್ನೊಂದನೆಯ ದಿನವೇ ನಾನು ಅಪ್ಪಾಜಿಗೆ ಮೊದಲ ಪತ್ರ ಬರೆದದ್ದು, ಸುಖವಾಗಿದ್ದೇನೆ ಎಂದು. ಈಗ ಆ ಪತ್ರ ಓದಿದರೆ ಬರೆದವಳು ನನಗಿಂತ ಚಿಕ್ಕವಳು ಅನ್ನಿಸುತ್ತದೆ.

ಅಕ್ಕ, ನೀವು ಎಷ್ಟನೆಯ ದಿನಕ್ಕೆ ಬಸ್ಸು ನೋಡುವುದನ್ನು ಬಿಟ್ಟಿರಿ?

ಅಪ್ಪಾಜಿ ದಿನಾ ಸಂಜೆ ಗಂಗಾವತಿಯ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿಗೆ ಹೋಗುತ್ತಾರೆ, ಗಾಳಿಗೆ ಎನ್ನುತ್ತಾರೆ. ಬರುವಾಗ ಒಂದು ಕಟ್ಟು ಎಲೆ, ಎರಡು ಅಡಿಕೆ ತರುತ್ತಾರೆ. ನಮ್ಮ ಮನೆಯಲ್ಲಿ ಎಲೆ ಹಾಕುವವರು ಯಾರೂ ಇಲ್ಲ. ಬಾಡಿದ್ದನ್ನು ಎದುರು ಮನೆಯ ಆಡಿಗೆ ಹಾಕುತ್ತಾರೆ, ಮಾರನೆಯ ದಿನ ಮತ್ತೆ ತರುತ್ತಾರೆ. ಯಾಕೆಂದು ನಾನು ಕೇಳಿಲ್ಲ.

ಇಂದು ತಂದದ್ದನ್ನು ನಾನೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಹಾಗಿಟ್ಟರೆ ಮೂರು ದಿನ ಹಸಿರಾಗಿರುತ್ತವಂತೆ.

ನಿಮ್ಮ ನೆಗೆಣ್ಣಿ,
ದಾನೇಶ್ವರಿ